ಟೇಕ್ ಪಾಠ: ಬಾಯಿ ಮೊದಲು, ಕೈ ಆಮೇಲೆ

ನಮ್ಮ ಎದುರುಮನೆಯ ಹುಡುಗಿಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿದೆ. ಮೊನ್ನೆ ಸಿಹಿ ಕೊಡಲು ಬಂದಿದ್ದಳು.

"ಆಂಟಿ, ನೀವು ಅಷ್ಟು ವರ್ಷ ಪಾಠ ಮಾಡಿದೀರಿ. ನಾನು ಮೊದಲನೇ ತಿಂಗಳು ಏನು ಶುರು ಮಾಡ್ಲಿ, ಹೇಳಿ."

"ಟೇಕ್ ಶುರು ಮಾಡು" ಎಂದೆ.

"ಬರೀ ಟೇಕಾ? ಒಂದು ತಿಂಗಳು ಪೂರ್ತಿ?"

"ಒಂದು ತಿಂಗಳಲ್ಲಿ ಮುಗಿಸಿದ್ರೆ ನೀನು ಜಾಣೆ."

ಅವಳು ತಮಾಷೆ ಎಂದುಕೊಂಡು ನಕ್ಕು ಹೋದಳು. ನಾನು ತಮಾಷೆ ಮಾಡುವವಳಲ್ಲ. ಆದ್ದರಿಂದ ಅವಳಿಗೂ, ಅವಳಂತೆ ಹೊಸದಾಗಿ ಚಾಕ್‌ಪೀಸ್ ಹಿಡಿಯುವವರಿಗೂ ಆಗಲಿ ಎಂದು ಇದನ್ನು ಬರೆದಿಡುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಎಲ್ಲಿಗೆ ವರ್ಗವಾಯಿತು ಎನ್ನುವುದು ಇಲ್ಲಿಲ್ಲ. ಅದರಿಂದ ಯಾರಿಗೂ ಪಾಠ ಮಾಡಲು ಬರುವುದಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಸೇರಿದ್ದು ಹೆಬ್ಬಾಳ ದಾಟಿದ ಮೇಲೆ ಬಳ್ಳಾರಿ ರಸ್ತೆಯ ಪಕ್ಕದಲ್ಲಿದ್ದ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿಗೆ. ಕಿಟಕಿಯಾಚೆ ದ್ರಾಕ್ಷಿ ತೋಟ. ಬ್ಯಾಟರಾಯನಪುರ, ಅಮೃತಹಳ್ಳಿ ಕಡೆಯ ಮಕ್ಕಳು ನಡೆದು ಬರುತ್ತಿದ್ದರು. ಗಂಗಾನಗರದವರು ಬಸ್ಸು ಸಿಕ್ಕರೆ ಬಸ್ಸಿನಲ್ಲಿ, ಸಿಗದಿದ್ದರೆ ಅವರೂ ನಡೆದೇ. ನಾನು ಓದಿದ್ದೆಲ್ಲ ಹಾಸ್ಟೆಲಿನಲ್ಲಿ. ಏಳುವುದಕ್ಕೆ ಗಂಟೆ, ಸ್ನಾನಕ್ಕೆ ಗಂಟೆ, ದೀಪ ಆರಿಸುವುದಕ್ಕೆ ಗಂಟೆ. ಹಾಗಾಗಿ ಶಾಲೆಯ ಗಂಟೆಯ ಸದ್ದು ಅಡಗುವುದರೊಳಗೆ ನಾನು ಮೇಜಿನ ಮುಂದೆ ನಿಂತಿರುತ್ತಿದ್ದೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಗಂಟೆ ಮಿಸ್' ಎನ್ನುತ್ತಿದ್ದರು. ಗೊತ್ತಿತ್ತು. ಹೆಸರು ಚೆನ್ನಾಗಿಯೇ ಇತ್ತು, ಸುಮ್ಮನಿದ್ದೆ.

ಹೆಡ್ ಮಾಸ್ಟರ್ ನಂಜುಂಡಯ್ಯನವರು ಪಂಚೆ, ಮುಚ್ಚುಕೋಟು, ಕೈಯಲ್ಲಿ ಸದಾ ಕೊಡೆ. ಬಿಸಿಲಿಗೂ ಕೊಡೆ, ಮಳೆಗೂ ಕೊಡೆ, ಎರಡೂ ಇಲ್ಲದಿದ್ದರೆ ಗಲಾಟೆ ಮಾಡುವವನ ಬೆಂಚು ಕುಟ್ಟುವುದಕ್ಕೆ ಕೊಡೆ. ಇಂಗ್ಲಿಷ್ ಕಲಿಸುವ ವಿಷಯದಲ್ಲಿ ಅವರದು ಒಂದೇ ನಂಬಿಕೆ.

"ಅರ್ಥ ಬಾಯಿಪಾಠ ಆದ್ರೆ ಭಾಷೆ ಬಂದ ಹಾಗೇ ಕಣಮ್ಮ. ಉಳಿದಿದ್ದು ತಾನೇ ಬರುತ್ತೆ."

ಹಾಗಾಗಿ ನಮ್ಮ ಶಾಲೆಯಲ್ಲಿ ಕ್ರಿಯಾಪದಗಳಿಗೂ ಮಗ್ಗಿ ಇತ್ತು. "ಟೇಕ್ ಅಂದ್ರೆ?" ಎಂದು ಅವರು ಬಾಗಿಲಲ್ಲಿ ನಿಂತು ಕೇಳಿದರೆ ಇಡೀ ತರಗತಿ ತೂಗಾಡುತ್ತ ಹಾಡುತ್ತಿತ್ತು: "ತೆಗೆದುಕೋ! ಹಿಡಿದುಕೋ! ಒಯ್ಯಿ! ಕರೆದೊಯ್ಯಿ! ಸ್ವೀಕರಿಸು! ಸೇವಿಸು!" ಕೇಳುವುದಕ್ಕೆ ಸೊಗಸು. ರಸ್ತೆಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು.

ನಾನು ಸೇರಿದ ವಾರವೇ ಚಾಕ್‌ಪೀಸ್ ಡಬ್ಬ ಹಿಡಿದು ಮುಂದಿನ ಬೆಂಚಿನ ಮುನಿರಾಜುವಿಗೆ, "ಟೇಕ್ ದಿಸ್ ಬಾಕ್ಸ್ ಟು ದಿ ಹೆಡ್ ಮಾಸ್ಟರ್" ಎಂದೆ. ಅವನು ಅಮೃತಹಳ್ಳಿಯವನು, ಅಪ್ಪ ದ್ರಾಕ್ಷಿ ತೋಟದಲ್ಲಿ ಕೆಲಸಕ್ಕಿದ್ದರು. ಚುರುಕು ಹುಡುಗ. ಎದ್ದು ನಿಂತು, ಕೈಕಟ್ಟಿ, ತೆಗೆದುಕೋ ಎನ್ನುವಲ್ಲಿಂದ ಸೇವಿಸು ಎನ್ನುವ ತನಕ ಒಂದೂ ಬಿಡದೆ ಒಪ್ಪಿಸಿ ಕುಳಿತ. ಡಬ್ಬ ನನ್ನ ಕೈಯಲ್ಲೇ ಇತ್ತು.

"ಮುನಿರಾಜು, ಹೋಗಪ್ಪ."

"ಎಲ್ಲಿಗ್ ಮಿಸ್? ಎಲ್ಲಾ ಏಳ್ದ್ನಲ್ಲ!"

ಆ ಡಬ್ಬ ನಾನೇ ಕೊಟ್ಟು ಬಂದೆ. ದಾರಿಯುದ್ದಕ್ಕೂ ಯೋಚನೆ. ಈ ಮಕ್ಕಳಿಗೆ ಟೇಕ್ ಗೊತ್ತು, ಆದರೆ ಟೇಕ್ ಮಾಡಲು ಬರುವುದಿಲ್ಲ.

ಮುಂದಿನ ಬೇಸಿಗೆ ರಜೆಯಲ್ಲಿ ಟೀಚರ್‌ಗಳಿಗೆ ತರಬೇತಿ ನಡೆಯಿತು. ಭಾಷೆಯನ್ನು ಕೆಲಸದ ಜೊತೆ ಕಲಿಸಿ, ಮಾಡುತ್ತ ಹೇಳಿಸಿ, ಎಂದು ಅಲ್ಲಿ ಹೇಳಿಕೊಟ್ಟರು. ಬಹಳ ಮಂದಿ ಬರೆದುಕೊಂಡು ಮನೆಗೆ ಹೋದರು. ನಾನು ನಿಯಮ ಮಾಡಿಬಿಟ್ಟೆ. ನನಗೆ ನಿಯಮ ಎಂದರೆ ಧೈರ್ಯ.

ನಿಯಮ ಇಷ್ಟೇ. ನನ್ನ ಪೀರಿಯಡ್ಡಿನಲ್ಲಿ ಬಾಯಿ ಮೊದಲು, ಕೈ ಆಮೇಲೆ. ಏನು ಮಾಡುವುದಿದ್ದರೂ ಮೊದಲು ಇಂಗ್ಲಿಷಿನಲ್ಲಿ ಹೇಳಬೇಕು, ಆಮೇಲೆ ಮಾಡಬೇಕು. ಪುಸ್ತಕ ಎತ್ತುವ ಮೊದಲು "ಐ ಆಮ್ ಟೇಕಿಂಗ್ ಮೈ ಬುಕ್." ಸ್ವೆಟರ್ ಕಳಚುವ ಮೊದಲು "ಐ ಆಮ್ ಟೇಕಿಂಗ್ ಆಫ್ ಮೈ ಸ್ವೆಟರ್." ಗೆಳತಿಯನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗುವ ಮೊದಲು "ಐ ಆಮ್ ಟೇಕಿಂಗ್ ಹರ್ ಟು ದಿ ಟ್ಯಾಪ್." ಹೇಳದೆ ಮಾಡಿದವರು ವಾಪಸ್ ಬಂದು ಹೇಳಿ ಮತ್ತೆ ಮಾಡಬೇಕು. ಸರಿಯಾಗಿ ಹೇಳಿದವರಿಗೆ ತರಗತಿ ಒಂದು ಚಪ್ಪಾಳೆ ಹೊಡೆಯಬೇಕು. ಒಂದೇ. ಎರಡು ಹೊಡೆದರೆ ಗಲಾಟೆ ಶುರುವಾಗುತ್ತದೆ ಎಂದು ಯಾವ ಟೀಚರ್‌ಗಾದರೂ ಗೊತ್ತು.

ನಂಜುಂಡಯ್ಯನವರು ಒಂದು ದಿನ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಸ್ವಲ್ಪ ಹೊತ್ತು ನೋಡಿದರು. "ಇದೇನಮ್ಮ, ನಾಟಕದ ಕಂಪನಿ?" ಎಂದರು. ಎದ್ದು ನಿಂತು ಮಕ್ಕಳಿಗೆ ಕೇಳಿದರು: "ಟೇಕ್ ಅಂದ್ರೆ?"

ನನ್ನ ಪೀರಿಯಡ್ಡಿನಲ್ಲಿ ಮಗ್ಗಿ ನಿಂತುಹೋಗಿತ್ತು, ಯಾರೂ ಹಾಡಲಿಲ್ಲ. ಅವರ ಮುಖ ಸಣ್ಣದಾಯಿತು. ಆಗ ಮೂರನೇ ಬೆಂಚಿನಿಂದ ಶಮೀಮ್ ಎದ್ದಳು. ಗಂಗಾನಗರದ ಹುಡುಗಿ. ಅಪ್ಪ ಖಾದರ್ ಸಾಹೇಬರದು ಸ್ಟೌವ್ ರಿಪೇರಿ ಅಂಗಡಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಮೌನ. ಅಷ್ಟು ದಿನ ತಾನಾಗಿ ಬಾಯಿ ಬಿಟ್ಟವಳೇ ಅಲ್ಲ. ಅವಳು ನೇರವಾಗಿ ಹೆಡ್ ಮಾಸ್ಟರರ ಹತ್ತಿರ ಹೋಗಿ, "ಸರ್, ಐ ಆಮ್ ಟೇಕಿಂಗ್ ಯುವರ್ ಅಂಬ್ರೆಲಾ" ಎಂದಳು. ತೆಗೆದುಕೊಂಡಳು. "ಐ ಆಮ್ ಟೇಕಿಂಗ್ ಇಟ್ ಟು ಯುವರ್ ರೂಮ್" ಎಂದಳು. ಹೊರಟೇ ಹೋದಳು.

ತರಗತಿ ಒಂದು ಚಪ್ಪಾಳೆ ಹೊಡೆಯಿತು. ನಂಜುಂಡಯ್ಯನವರು ಖಾಲಿ ಕೈಯನ್ನೊಮ್ಮೆ ನೋಡಿಕೊಂಡು, "ಅಲ್ಲಮ್ಮ, ಕೊಡೆ ಅಲ್ಲೇ ಇರುತ್ತೆ ತಾನೆ?" ಎಂದರು.

ಆಮೇಲೆ ಅವರು ನನ್ನನ್ನು ತಡೆಯಲಿಲ್ಲ. "ಕೊನೇಲಿ ಒಂದು ಸಲ ಮಗ್ಗೀನೂ ಹೇಳಿಸ್ಬಿಡಮ್ಮ, ಪರೀಕ್ಷೇಲಿ ಅದನ್ನೇ ಕೇಳೋದು" ಎಂದರು. ಅವರು ಹೇಳಿದ್ದೂ ನಿಜ. ಹೇಳಿಸುತ್ತಿದ್ದೆ.

ಹೊಸಬರಿಗೆ ನಾನು ಹೇಳುವ ಒಂದು ಮಾತು ಇಲ್ಲಿದೆ. ಟೇಕ್ ಎಂದರೇನು ಎಂದು ಕೇಳಬೇಡಿ, ಕೇಳಿಸಲೂ ಬೇಡಿ. ಟೇಕ್ ಆದಮೇಲೆ ಯಾವ ಪದ ಬಂದಿದೆ ಎಂದು ಕೇಳಿ. ಅದರ ಪಕ್ಕ ಬಸ್ಸು ನಿಂತರೆ ಹತ್ತಿ ಹೋಗುವುದು, ಮಾತ್ರೆ ನಿಂತರೆ ನುಂಗುವುದು, ಫೋಟೋ ನಿಂತರೆ ಕ್ಯಾಮೆರಾ ಒತ್ತುವುದು. ನಮ್ಮ ಕನ್ನಡದ 'ತಗೊಳ್ಳೋದು' ಇದಕ್ಕೆ ಹತ್ತಿರದ ನೆಂಟ, ಆದರೆ ಎಲ್ಲ ಕಡೆಗೂ ಜೊತೆಗೆ ಬರುವುದಿಲ್ಲ. ನಾವು ಅಂಗಡಿಯಲ್ಲಿ ಬಳೆ ತಗೊಂಡೆವು ಎನ್ನುತ್ತೇವೆ. ಮಕ್ಕಳು ಹಾಗೆಯೇ "ಮೈ ಮದರ್ ಟುಕ್ ಬ್ಯಾಂಗಲ್ಸ್ ಫ್ರಮ್ ದಿ ಶಾಪ್" ಎಂದು ಬರೆಯುತ್ತಾರೆ. ಓದಿದವರು ಪೊಲೀಸರನ್ನು ಕರೆಯಬೇಕಾಗುತ್ತದೆ. ಅಲ್ಲಿ ಟುಕ್ ಬೇಡ, ಕೊಂಡರು ಎನ್ನುವ ಬಾಟ್ ಹೇಳಿಕೊಡಿ.

ಇನ್ನು ಹೊತ್ತು ಹಿಡಿಯುವ ಟೇಕ್. ಅದಕ್ಕೆ ನಾನು ಬಸ್ಸನ್ನೇ ಬಳಸುತ್ತಿದ್ದೆ. ಹೆಬ್ಬಾಳದಿಂದ ಮೆಜೆಸ್ಟಿಕ್ಕಿಗೆ ಎಷ್ಟು ಹೊತ್ತು? "ಇಟ್ ಟೇಕ್ಸ್ ಹಾಫ್ ಆ್ಯನ್ ಅವರ್" ಎಂದು ತರಗತಿ ಹೇಳಿತು. ಮುನಿರಾಜು ಮಾತ್ರ ಕೈ ಎತ್ತಿದ.

"ಮಿಸ್, ಬಸ್ ಬಂದ್ರೆ."

ಅದಕ್ಕೂ ಒಂದು ಚಪ್ಪಾಳೆ ಹೊಡೆಸಿದೆ.

ನಿಯಮ ಶಾಲೆಯ ಗೇಟು ದಾಟುತ್ತದೆ ಎಂದು ನಾನು ಎಣಿಸಿರಲಿಲ್ಲ. ಒಂದು ಶನಿವಾರ ಖಾದರ್ ಸಾಹೇಬರು ಸೈಕಲ್ ನಿಲ್ಲಿಸಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದರು.

"ಮಿಸ್, ಒಂದು ಕಂಪ್ಲೇಂಟ್ ಇದೆ. ನಮ್ಮ ಮನೇಲಿ ಯಾರೂ ನೀರು ಕುಡಿಯೋ ಹಾಗಿಲ್ಲ. ಚೊಂಬಿಗೆ ಕೈ ಹಾಕಿದ್ರೆ ಶಮೀಮ್ ಹಿಡ್ಕೊಂಬಿಡ್ತಾಳೆ. ಅಬ್ಬಾಜಾನ್, ಮೊದ್ಲು ಹೇಳಿ, ಆಮೇಲೆ ಕುಡೀರಿ ಅಂತಾಳೆ. ನಮ್ಮ ಅಮ್ಮಂಗೆ ಹುಷಾರಿಲ್ಲ, ಹಾಸಿಗೇಲಿದಾರೆ. ಅವರಿಗೂ ಬಿಡಲ್ಲ. ದಾದಿಮಾ, ಐ ಆಮ್ ಟೇಕಿಂಗ್ ಯುವರ್ ಪ್ಲೇಟ್ ಅಂತಾಳೆ. ಅವರು ಇವತ್ತು ನನ್ನನ್ನ ಕೇಳಿದ್ರು, ಈ ಹುಡುಗಿಗೆ ಏನಾಗಿದೆ ಬೇಟಾ ಅಂತ."

"ನಿಲ್ಲಿಸಲಿಕ್ಕೆ ಹೇಳಲಾ?"

"ಛೆ ಛೆ, ಬೇಡಿ ಮಿಸ್. ನಾನು ಸುಮ್ನೆ ಹೇಳಿದೆ" ಎಂದು ನಕ್ಕು ಹೋದರು. ಕಂಪ್ಲೇಂಟ್ ಅಲ್ಲ, ಹೆಮ್ಮೆ.

ಆ ಅಜ್ಜಿಯನ್ನು ಕೊನೆಯವರೆಗೆ ನೋಡಿಕೊಂಡವಳು ಶಮೀಮ್‌ಳೇ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಅವಳು ನರ್ಸ್ ಆಗುತ್ತೇನೆ ಎಂದು ಹಟ ಹಿಡಿದಳು. ನಗರದ ಒಂದು ಆಸ್ಪತ್ರೆಯಲ್ಲಿ ತರಬೇತಿ, ಹಾಸ್ಟೆಲಿನಲ್ಲೇ ಇರಬೇಕು. ನೆಂಟರೆಲ್ಲ ಬೇಡವೆಂದರು. ಖಾದರ್ ಸಾಹೇಬರು ನನ್ನ ಹತ್ತಿರ ಬಂದರು. "ನೀವು ಕಳಿಸು ಅಂದ್ರೆ ಕಳಿಸ್ತೀನಿ. ಅಲ್ಲಿ ಪಾಠ ಎಲ್ಲ ಇಂಗ್ಲಿಷಲ್ಲಿ. ಆಗುತ್ತಾ ಅವಳ ಕೈಲಿ?"

"ಆಗುತ್ತೆ, ಕಳಿಸಿ" ಎಂದೆ.

ಅಲ್ಲಿನ ಕ್ರಮ ಹೀಗಿತ್ತು. ಮೊದಲ ಕೆಲವು ತಿಂಗಳು ಬರಿತಲೆ. ಆಮೇಲೆ ಒಂದು ಪರೀಕ್ಷೆ. ಪಾಸಾದವರ ತಲೆಗೆ ಬಿಳಿ ಟೊಪ್ಪಿ ಇಡುತ್ತಾರೆ, ಆಗದವರು ಪೆಟ್ಟಿಗೆ ಕಟ್ಟಿಕೊಂಡು ಮನೆಗೆ. ಕಲಿಸುವವರನ್ನು ಸಿಸ್ಟರ್ ಟ್ಯೂಟರ್ ಎನ್ನುತ್ತಿದ್ದರು. ಆಕೆ ಬಹಳ ಕಟ್ಟುನಿಟ್ಟು. ನನಗೆ ಆಕೆಯ ಮೇಲೆ ಯಾವತ್ತೂ ಕೋಪ ಬಂದಿಲ್ಲ, ನಾನೂ ಅದೇ ಜಾತಿಯವಳು.

ಶಮೀಮ್‌ಳನ್ನು ಮೊದಲ ಸಲ ವಾರ್ಡಿಗೆ ಕಳಿಸಿದ ದಿನ ಆದದ್ದು ಇದು. ಜಕ್ಕೂರಿನ ಕಡೆಯ ಒಬ್ಬ ಅಜ್ಜಿ ಮಧ್ಯಾಹ್ನ ಕಣ್ಣು ಮುಚ್ಚಿ ಮಲಗಿದ್ದರು. ಶಮೀಮ್ ಥರ್ಮಾಮೀಟರ್ ಹಿಡಿದು ಮಂಚದ ಪಕ್ಕ ನೆಟ್ಟಗೆ ನಿಂತಳು. ನನ್ನ ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳುವಂತೆ ಹೇಳಬೇಕಿತ್ತಲ್ಲ, ಅದೇ ಗಂಟಲಿನಲ್ಲಿ ಕೂಗಿದಳು: "ಐ ಆಮ್ ಟೇಕಿಂಗ್ ಯುವರ್ ಟೆಂಪರೇಚರ್!"

ಅಜ್ಜಿ ಎಲೆಅಡಿಕೆ ಚೀಲ ಎದೆಗೆ ಅವುಚಿಕೊಂಡು ಎದ್ದು ಕುಳಿತರು. "ಯಾಕವ್ವಾ ಇಂಗ್ ಕೂಗ್ತೀಯಾ? ಯಾರಾರ ಓಗ್ಬುಟ್ರಾ?"

ವಾರ್ಡಿಗೆ ವಾರ್ಡೇ ನಕ್ಕಿತು. ಸಿಸ್ಟರ್ ಟ್ಯೂಟರ್ ನಗಲಿಲ್ಲ. ಇದು ಸಂತೆಯಲ್ಲ, ಕೆಲಸ ಮಾಡುವಾಗ ಮಾತಿಲ್ಲ ಎಂದು ಅಪ್ಪಣೆಯಾಯಿತು. ಅಂದಿನಿಂದ ಶಮೀಮ್ ಬಾಯಿ ಮುಚ್ಚಿದಳು. ವಾರ್ಡಿನಲ್ಲಿ ಮುಚ್ಚಿದ ಬಾಯಿ ತರಗತಿಯಲ್ಲೂ ತೆರೆಯಲಿಲ್ಲ. ಜೊತೆಯವರು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು, ಪಟಪಟನೆ ಉತ್ತರ ಹೇಳುತ್ತಿದ್ದರು. ಇವಳಿಗೆ ಇಂಗ್ಲಿಷೇ ಬರುವುದಿಲ್ಲ ಎಂದು ಟ್ಯೂಟರ್ ತೀರ್ಮಾನಿಸಿ ತಂದೆಯನ್ನು ಕರೆಸಿದರು. ಪರೀಕ್ಷೆಯಲ್ಲೂ ಹೀಗೇ ಆದರೆ ಕರೆದುಕೊಂಡು ಹೋಗಿ ಎಂದರು.

ಆ ಭಾನುವಾರ ಅಪ್ಪ ಮಗಳು ಇಬ್ಬರೂ ಆರ್.ಟಿ. ನಗರದ ನಮ್ಮ ಮನೆಗೆ ಬಂದರು. ಖಾದರ್ ಸಾಹೇಬರು ಕುರ್ಚಿಯ ತುದಿಯಲ್ಲಿ ಕುಳಿತರು.

"ಮಿಸ್, ಅವಳು ವಾಪಸ್ ಬಂದ್ರೆ ಇನ್ನು ಮುಂದೆ ನಾನು ಯಾರಿಗೂ ಏನೂ ಹೇಳೋ ಹಾಗಿಲ್ಲ. ನಿಕಾಹ್ ಮಾಡ್ಬಿಡು ಅಂತಾರೆ. ಆಗ ನಾನು ಬೇಡ ಅನ್ನೋಕಾಗಲ್ಲ."

ನಾನು ಶಮೀಮ್‌ಳಿಗೆ, "ನಾಡಿ ನೋಡೋದನ್ನ ಇಂಗ್ಲಿಷಲ್ಲಿ ಹೇಳು" ಎಂದೆ. ಅವಳು ನೆಲ ನೋಡಿದಳು. ಮತ್ತೆ ಕೇಳಿದೆ. ಕಣ್ಣಲ್ಲಿ ನೀರು ಬಂತೇ ಹೊರತು ಮಾತು ಬರಲಿಲ್ಲ.

ಒಳಬಾಗಿಲ ಹತ್ತಿರ ನನ್ನ ಅಮ್ಮ ಕುಳಿತಿದ್ದರು. ಅಮ್ಮನಿಗೆ ಮಡಿ. ಸ್ನಾನ ಮಾಡಿ ಒಲೆಯ ಮುಂದೆ ನಿಂತರೆಂದರೆ ಊಟ ಮುಗಿಯುವ ತನಕ ನನ್ನನ್ನೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಮಾತೆಲ್ಲ ಕೇಳಿಸಿಕೊಂಡಿದ್ದರು.

"ಏ, ಅವಳನ್ನ ಯಾಕೆ ಗೋಳು ಹುಯ್ಕೋತೀಯ? ನಾಡಿ ನೋಡೋಕೆ ಕೈ ಬೇಕು ತಾನೆ? ಇಲ್ಲಿ ಬಾ ಮಗು" ಎಂದರು.

ನನಗೇ ಆಶ್ಚರ್ಯ. ಶಮೀಮ್ ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು.

"ಊಟ ಆಯ್ತು, ಮಡಿ ಮುಗೀತು. ಬಾ" ಎಂದರು ಅಮ್ಮ. "ಆದ್ರೆ ಒಂದು ಮಾತು. ದಿಢೀರಂತ ಮುಟ್ಬೇಡ, ನಂಗಾಗಲ್ಲ. ಹೇಳಿ ಮುಟ್ಟು. ಕೂಗಲೂಬೇಡ, ನಂಗೆ ಕಿವಿ ಕೇಳುತ್ತೆ."

ಶಮೀಮ್ ಅಮ್ಮನ ಪಕ್ಕ ಕುಳಿತಳು. ತುಂಬ ಮೆಲ್ಲಗೆ, "ಐ ಆಮ್ ಟೇಕಿಂಗ್ ಯುವರ್ ಪಲ್ಸ್" ಎಂದಳು. ತಿಂಗಳುಗಳ ನಂತರ ಬಂದ ಮೊದಲ ವಾಕ್ಯ.

"ಅದೇನು ನಂಗೆ ಗೊತ್ತಾಗಬೇಕಲ್ಲ?"

"ನಿಮ್ಮ ನಾಡಿ ನೋಡ್ತೀನಿ ಅಜ್ಜಿ."

"ಹಾಂ, ನೋಡು" ಎಂದು ಅಮ್ಮ ಕೈ ಕೊಟ್ಟರು.

ನಾನು ಒಂದು ಚಪ್ಪಾಳೆ ಹೊಡೆದೆ. ಅಮ್ಮ ಬೆಚ್ಚಿ, "ನೀನು ಮೊದಲು ಹೇಳಿ ಹೊಡಿ" ಎಂದರು.

ರಜೆ ಸಿಕ್ಕ ಭಾನುವಾರಗಳಲ್ಲೆಲ್ಲ ಶಮೀಮ್ ಬಂದಳು. ಅಮ್ಮ ರೋಗಿ, ಪಡಸಾಲೆಯ ಚಾಪೆ ವಾರ್ಡು. ಪ್ರತಿ ಮಾತೂ ಎರಡು ಸಲ: ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಅಮ್ಮನಿಗಾಗಿ ಕನ್ನಡದಲ್ಲಿ. ಕಾಲಿಗೆ ಬಟ್ಟೆ ಸುತ್ತಿ ಬಿಚ್ಚುವುದನ್ನೂ ಮಾಡಿದಳು. ಅಮ್ಮ ಕೆಲವೊಮ್ಮೆ ನರಳುವ ಅಭಿನಯವನ್ನೂ ಮಾಡುತ್ತಿದ್ದರು. ನಂಜುಂಡಯ್ಯನವರು ನೋಡಿದ್ದರೆ ನಾಟಕದ ಕಂಪನಿ ಎಂದೇ ಹೇಳುತ್ತಿದ್ದರು.

ಪರೀಕ್ಷೆಯ ದಿನ ನಡೆದದ್ದನ್ನು ಶಮೀಮ್‌ಳೂ ಹೇಳಿದಳು, ಆಮೇಲೆ ಸಿಸ್ಟರ್ ಟ್ಯೂಟರ್ ಬಾಯಿಂದಲೂ ಕೇಳಿದೆ. ಇಬ್ಬರ ಮಾತೂ ಒಂದೇ ಇತ್ತು.

ಮೊದಲು ಪುಸ್ತಕದ ಪ್ರಶ್ನೆಗಳು. ಶಮೀಮ್‌ಳಿಂದ ಒಂದೆರಡು ತುಂಡು ಪದ ಬಂದವು, ಅಷ್ಟೇ. ಟ್ಯೂಟರ್ ಪುಸ್ತಕ ಮುಚ್ಚಿ ಮೂಲೆಯ ಮಂಚ ತೋರಿಸಿ, ಹೋಗಿ ಮಾಡು ಎಂದರು. ಅಲ್ಲಿದ್ದವರು ಯಶವಂತಪುರದ ಮಾರ್ಕೆಟ್ಟಿನಲ್ಲಿ ಮೂಟೆ ಬಿದ್ದು ಕಾಲು ಜಜ್ಜಿಸಿಕೊಂಡ ಹೆಂಗಸು. ನೋವಿಗೆ ಹೆದರಿ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಬೆಳಗಿನಿಂದ ಪರೀಕ್ಷೆಗೆ ಬಂದ ಹುಡುಗಿಯರ ಕೈಯನ್ನೆಲ್ಲ ತಳ್ಳಿದ್ದರು.

ಶಮೀಮ್ ಮಂಚದ ಪಕ್ಕ ನಿಂತಳು. ಕೆಲಸ ಮಾಡುವಾಗ ಮಾತಿಲ್ಲ ಎನ್ನುವ ಅಪ್ಪಣೆ ತಲೆಯಲ್ಲಿತ್ತು.

"ಕೈ ಏಳಲೇ ಇಲ್ಲ ಮಿಸ್. ಬಾಯಿ ಬಿಡದೆ ನಾನು ಹೋಗಲ್ಲ ಅಂತು ಕೈ" ಎಂದಳು ನನಗೆ.

ಅವಳು ಟ್ಯೂಟರ್ ಕಡೆ ತಿರುಗಿ ಕೇಳಿದಳು: "ಸಿಸ್ಟರ್, ಮೇ ಐ ಟಾಕ್ ಟು ಹರ್?"

ವಾರ್ಡಿನ ಆ ಕೂಗಿನ ನಂತರ ಆಕೆ ಆ ಹುಡುಗಿಯಿಂದ ಕೇಳಿದ ಮೊದಲ ಪೂರ್ತಿ ವಾಕ್ಯ ಅದು. ಮಾತಾಡು ಎನ್ನುವಂತೆ ತಲೆಯಾಡಿಸಿದರು.

ಶಮೀಮ್ ಬಗ್ಗಿ, ನಮ್ಮ ಪಡಸಾಲೆಯ ದನಿಯಲ್ಲಿ ಶುರು ಮಾಡಿದಳು. "ಐ ಆಮ್ ಟೇಕಿಂಗ್ ಯುವರ್ ಹ್ಯಾಂಡ್. ನಿಮ್ಮ ಕೈ ಹಿಡ್ಕೋತೀನಮ್ಮ." ಹೆಂಗಸು ನೋಡಿದರು, ಕೈ ತಳ್ಳಲಿಲ್ಲ. "ಐ ಆಮ್ ಟೇಕಿಂಗ್ ಯುವರ್ ಪಲ್ಸ್. ನಾಡಿ ನೋಡ್ತಾ ಇದೀನಿ." ಜ್ವರ ನೋಡಿದಳು. ಕಾಲಿನ ಹತ್ತಿರ ಹೋದಳು. "ನೌ ಐ ಆಮ್ ಟೇಕಿಂಗ್ ಆಫ್ ದಿ ಬ್ಯಾಂಡೇಜ್. ಪಟ್ಟಿ ಬಿಚ್ತೀನಿ. ಇಟ್ ಟೇಕ್ಸ್ ಸಮ್ ಟೈಮ್. ಸ್ವಲ್ಪ ಹೊತ್ತಾಗುತ್ತೆ, ನೋವಾದ್ರೆ ಹೇಳಿ, ನಿಲ್ಲಿಸ್ತೀನಿ."

ಹೆಂಗಸು ಕಾಲು ಕೊಟ್ಟು, "ನೀನ್ ಏಳ್ಕೊಂಡ್ ಮಾಡ್ತೀಯ, ಮಾಡವ್ವ. ಅವ್ರೆಲ್ಲ ಬಂದ್ ಬಂದಂಗೇ ಕೈ ಆಕ್ತಾರೆ" ಎಂದರು.

ಟ್ಯೂಟರ್ ಅಲ್ಲಿಂದ ಅಲುಗದೆ ಕೊನೆಯವರೆಗೂ ನೋಡಿದರು. ಮಾತಿಲ್ಲ ಎಂದು ಆಕೆ ಅಂದದ್ದು ಕೂಗಾಟಕ್ಕೆ. ರೋಗಿಗೆ ಹೇಳದೆ ಅವರ ಮೈ ಮುಟ್ಟಬಾರದು ಎನ್ನುವುದು ಆಕೆ ಪ್ರತಿ ತಂಡಕ್ಕೂ ಮೊದಲ ದಿನ ಬೋರ್ಡಿನ ಮೇಲೆ ಬರೆಯುವ ಪಾಠ. ಎಲ್ಲರೂ ಅದನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಒಪ್ಪಿಸಿದ್ದರು. ಮಾಡಿದವಳು ಇವಳೊಬ್ಬಳು.

"ಯಾರು ಕಲಿಸಿದ್ದು?" ಎಂದು ಕೇಳಿದರಂತೆ.

"ಮೈ ಇಂಗ್ಲಿಷ್ ಮಿಸ್. ಆ್ಯಂಡ್ ಹರ್ ಮದರ್" ಎಂದಳಂತೆ.

ಟೊಪ್ಪಿ ಇಡುವ ಸಮಾರಂಭಕ್ಕೆ ನಾನೂ ಹೋಗಿದ್ದೆ. ಖಾದರ್ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿದ್ದರು. ಕೈ ಎಷ್ಟು ತಿಕ್ಕಿ ತೊಳೆದಿದ್ದರೋ, ಸೀಮೆಎಣ್ಣೆಯ ವಾಸನೆಗೆ ಬದಲು ಸೋಪಿನ ವಾಸನೆ. ನಿವೃತ್ತರಾಗಿದ್ದ ನಂಜುಂಡಯ್ಯನವರೂ ಬಂದಿದ್ದರು. ಕೊಡೆಯನ್ನು ಕಂಕುಳಲ್ಲಿ ಭದ್ರವಾಗಿ ಸಿಕ್ಕಿಸಿಕೊಂಡಿದ್ದರು. "ಆ ಹುಡುಗಿ ಇರೋ ಕಡೆ ಹುಷಾರಾಗಿರ್ಬೇಕಮ್ಮ" ಎಂದರು. ಮಗಳ ತಲೆಗೆ ಟೊಪ್ಪಿ ಕೂತಾಗ ಖಾದರ್ ಸಾಹೇಬರು ನನ್ನ ಕಡೆ ತಿರುಗಿ ಹಣೆಗೆ ಕೈ ಮುಟ್ಟಿಸಿದರು. ಸಿಸ್ಟರ್ ಟ್ಯೂಟರ್ ನನ್ನನ್ನು ಪಕ್ಕಕ್ಕೆ ಕರೆದು, ಮುಂದಿನ ತಂಡಕ್ಕೆ ನಿಮ್ಮ ತಾಯಿಯನ್ನು ಕಳಿಸಿಕೊಡಿ ಎಂದರು. ಆಕೆ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಎಂಬತ್ತರ ದಶಕದಲ್ಲಿ ಪಠ್ಯಪುಸ್ತಕಗಳು ಬದಲಾದವು, ಟೇಪ್ ರೆಕಾರ್ಡರ್ ಬಂತು, ಬೇರೆ ಬೇರೆ ಪದ್ಧತಿಗಳು ಬಂದವು. ಎಲ್ಲವನ್ನೂ ಕಲಿತೆ, ಒಳ್ಳೆಯದನ್ನು ಇಟ್ಟುಕೊಂಡೆ. ಬಾಯಿ ಮೊದಲು ಎನ್ನುವ ನಿಯಮವನ್ನು ಮಾತ್ರ ಬಿಡಲಿಲ್ಲ. ಒಂದು ತಿದ್ದುಪಡಿ ಅಮ್ಮನಿಂದ ಬಂತು: ಕೂಗಬೇಡಿ, ಎದುರಿಗಿರುವವರಿಗೆ ಕೇಳಿಸಿದರೆ ಸಾಕು.

ಆ ದಶಕದ ಕೊನೆಯ ಹೊತ್ತಿಗೆ ಅಮ್ಮನಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ದಿನವೂ ಇಂಜೆಕ್ಷನ್ ಬೇಕಾಯಿತು. ಶಮೀಮ್ ಆಗ ನಮ್ಮ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್. ಡ್ಯೂಟಿಗೆ ಹೋಗುವ ಮೊದಲು ಬೆಳಿಗ್ಗೆ ತಾನೇ ಬಂದು ಕೊಟ್ಟು ಹೋಗುತ್ತಿದ್ದಳು. ಅದು ಅಮ್ಮ ಸ್ನಾನ ಮಾಡಿ ಕುಳಿತಿರುವ ಹೊತ್ತು. ಮಡಿಯ ಗತಿಯೇನು ಎಂದು ನಾನು ಮೊದಲ ದಿನ ಕೇಳಿದೆ. "ಅವಳು ಹೇಳಿ ಮುಟ್ತಾಳೆ ಕಣೇ" ಎಂದರು ಅಮ್ಮ. ಆ ವಿಷಯ ಅಲ್ಲಿಗೆ ಮುಗಿಯಿತು.

ಒಂದು ಬೆಳಿಗ್ಗೆ ಶಮೀಮ್ ಟ್ರೇ ಹಿಡಿದು ಅಮ್ಮನ ಮುಂದೆ ಬಂದು ನಿಂತಳು. ಅವಳು ಇನ್ನೂ ಬಾಯಿ ತೆರೆದಿರಲಿಲ್ಲ. ಅಮ್ಮ ಸೆರಗು ಸರಿಸಿ ತೋಳು ಮುಂದೆ ಚಾಚಿ, ಒಂದೊಂದೇ ಪದವನ್ನು ನೆಲದ ಮೇಲೆ ಇಡುವಂತೆ ಹೇಳಿದರು:

"ಐ. ಆಮ್. ಟೇಕಿಂಗ್. ಇಂಜೆಕ್ಷನ್."

ಶಮೀಮ್‌ಳ ಎರಡು ಕೈಯಲ್ಲೂ ಟ್ರೇ ಇತ್ತು. ಅವಳು ನನ್ನ ಕಡೆ ನೋಡಿದಳು.

"ಅಮ್ಮಾ, ಚಪ್ಪಾಳೆ ಹೊಡೀತೀನಿ" ಎಂದು ಮೊದಲು ಹೇಳಿದೆ. ಆಮೇಲೆ ಹೊಡೆದೆ. ಒಂದೇ.